ಅಡಿಕೆಯ ಸೊಕ್ಕು ಮತ್ತು ಮೆದುಳಿನ ಗ್ರಾಹಕಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬಂದವರ ಮುಂದೆ ಕವಳದ ಬಟ್ಟಲನ್ನಿರಿಸುವುದು ಬಹುಕಾಲದಿಂದ ನಡೆದುಬಂದ ಉಪಚಾರ. ಅಭ್ಯಾಸವಿಲ್ಲದವರು ಅಡಿಕೆಯನ್ನು ಮೆದ್ದರೆ ಕೆಲವೊಮ್ಮೆ ಮೈ ಬಿಸಿಯೇರಿ, ಹಣೆಯಲ್ಲಿ ಬೆವರೊಡೆದು, ತಲೆ ತಿರುಗುತ್ತದೆ. ಇದನ್ನೇ ‘ಅಡಿಕೆ ಸೊಕ್ಕಿತು’ ಎನ್ನುವರು. ಒಂದೇ ಹೋಳು ಬಾಯಲ್ಲಿ ನೀರೂರಿಸುವುದು, ಮೈಯನ್ನು ಬೆವರಿಸುವುದು, ಮನಸ್ಸನ್ನು ಚುರುಕುಗೊಳಿಸುವುದು ಹೇಗೆ? ಇದರ ಉತ್ತರವು ಅಡಿಕೆಯಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಜೀವಕೋಶಗಳ ಮೇಲ್ಮೈಯಲ್ಲಿದೆ.

ಅಡಿಕೆಯ ಮುಖ್ಯ ಆಲ್ಕಲಾಯ್ಡಾದ ಅರಿಕೋಲಿನನ್ನು ೧೮೮೮ರಲ್ಲಿ ಜರ್ಮನಿಯ ಯಾನ್ಸ್ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿದನು. ಕವಳದ ಸುಣ್ಣವು ಈ ವಸ್ತುವನ್ನು ಲವಣಸ್ಥಿತಿಯಿಂದ ಬಿಡಿಸಿ, ಬಾಯಿಯ ಒಳಪೊರೆಯ ಮೂಲಕ ರಕ್ತವನ್ನು ಸೇರಲು ಅನುಕೂಲ ಮಾಡಿಕೊಡುತ್ತದೆ. ಅಲ್ಲಿಂದ ಮೆದುಳನ್ನು ಹೊಗಲು ಅದಕ್ಕೆ ತಡೆಯಿಲ್ಲ.

ಕೋಶದ ಪೊರೆಯಲ್ಲಿ ನೆಲೆಗೊಂಡು, ಹೊರಗಿನ ರಾಸಾಯನಿಕ ಸಂದೇಶವನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು. (ಶಿರಸಿಯ ಮಾರುಕಟ್ಟೆಯಲ್ಲಿ ಈ ಶಬ್ದಕ್ಕಿರುವ ಅರ್ಥ ಬೇರೆ, ಕೊಳ್ಳುವವನಂತೆ ಇವೂ ಬಂದ ಸರಕೆಲ್ಲವನ್ನೂ ಸ್ವೀಕರಿಸುವುದಿಲ್ಲವೆಂಬಷ್ಟೇ ಸಾಮ್ಯ.) ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕದ ಕಾರ್ಯ ಎರಡು ಬಗೆಯದೆಂದು ಹೆನ್ರಿ ಡೇಲ್ ೧೯೧೪ರಲ್ಲಿ ತೋರಿಸಿದನು. ಒಂದು ಬಗೆಯನ್ನು ಅಣಬೆಯೊಂದರ ಮಸ್ಕರೀನ್ ಅನುಕರಿಸುತ್ತದೆ. ಇನ್ನೊಂದನ್ನು ಹೊಗೆಸೊಪ್ಪಿನ ನಿಕೋಟೀನ್. ಅರಿಕೋಲಿನ್ ಮುಖ್ಯವಾಗಿ ಮೊದಲನೆಯ ಬಗೆಯ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಅದು ನಿಕೋಟೀನ್ ಗ್ರಾಹಕಗಳ ಕೆಲವು ಪ್ರಭೇದಗಳನ್ನೂ ಅರೆಮಟ್ಟಿಗೆ ಪ್ರಚೋದಿಸುವುದೆಂದು ೨೦೧೫ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು.

ಮಸ್ಕರೀನ್ ಗ್ರಾಹಕಗಳಲ್ಲಿಯೇ ಎಂ-೧ರಿಂದ ಎಂ-೫ರವರೆಗೆ ಐದು ಪ್ರಭೇದಗಳುಂಟು. ಲಾಲಾಗ್ರಂಥಿಗಳಲ್ಲಿ ಎಂ-೩, ಹೃದಯದಲ್ಲಿ ಎಂ-೨, ಮೆದುಳಿನ ಮುಂಭಾಗದಲ್ಲಿ ಎಂ-೧ ಮತ್ತು ಎಂ-೪ ಪ್ರಧಾನವಾಗಿವೆ. ನೀರೂರುವುದಕ್ಕೂ ಮನಸ್ಸು ಚುರುಕಾಗುವುದಕ್ಕೂ ಕಾರಣ ಒಂದೇ ಆದರೂ ನೆಲೆಗಳು ಬೇರೆ ಎಂಬುದು ಇದರಿಂದ ಸ್ಪಷ್ಟ.

ಆದರೆ ಗ್ರಾಹಕದ ಹೆಸರನ್ನರಿತ ಮಾತ್ರಕ್ಕೆ ಅದರ ಪರಿಣಾಮವನ್ನರಿತಂತಾಗದು. ಅದರ ನೆರೆಯಲ್ಲಿ ಯಾವ ಗ್ರಾಹಕವಿದೆಯೆಂಬುದೂ ಮುಖ್ಯ. ಚಲನೆಯನ್ನೂ ಅಭ್ಯಾಸಗಳನ್ನೂ ರೂಪಿಸುವ ಸ್ಟ್ರಯೇಟಮ್ ಎಂಬ ಭಾಗವನ್ನು ನೋಡೋಣ. ಅಲ್ಲಿಯ ಒಂದು ವರ್ಗದ ನರಕೋಶಗಳ ಮೇಲೆ ಡೋಪಮೀನಿನ ಡಿ-೧ ಗ್ರಾಹಕವೂ ಅಸಿಟೈಲ್‌ಕೋಲಿನಿನ ಎಂ-೪ ಗ್ರಾಹಕವೂ ಒಟ್ಟಿಗೆ ಇವೆ. ಡಿ-೧ ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ.ಯನ್ನು ಹೆಚ್ಚಿಸುತ್ತದೆ, ಎಂ-೪ ಅದನ್ನೇ ತಗ್ಗಿಸುತ್ತದೆ. ಒಬ್ಬನು ತೋಟದ ಕಾಲುವೆಗೆ ನೀರು ತಿರುಗಿಸುತ್ತಿರುವಾಗಲೇ ಇನ್ನೊಬ್ಬನು ಅದಕ್ಕೆ ಕಟ್ಟು ಹಾಕಿದಂತೆ. ಅದೇ ಅಸಿಟೈಲ್‌ಕೋಲಿನ್ ಪಕ್ಕದ ಡೋಪಮೀನ್ ತಂತುಗಳ ತುದಿಯಲ್ಲಿರುವ ನಿಕೋಟೀನ್ ಗ್ರಾಹಕಗಳನ್ನು ಮುಟ್ಟಿದರೆ ಡೋಪಮೀನಿನ ಬಿಡುಗಡೆ ಹೆಚ್ಚುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಡೋಪಮೀನ್ ಕ್ಷಯಿಸಿದಾಗ ಈ ಸಮತೋಲ ತಪ್ಪುತ್ತದೆ. ಅಸಿಟೈಲ್‌ಕೋಲಿನನ್ನು ತಡೆಯುವ ಔಷಧಿಗಳು ಆ ರೋಗದ ಕಂಪನವನ್ನು ಶಮನಗೊಳಿಸುವುದು ಇದರಿಂದಲೇ.

ಕೆಲವು ಗ್ರಾಹಕಗಳು ಒಂದರೊಡನೊಂದು ಅಂಟಿಕೊಂಡೇ ಕೆಲಸ ಮಾಡುತ್ತವೆ. ಗಾಬಾ-ಬಿ ಗ್ರಾಹಕವು ಎರಡು ಭಿನ್ನ ಪ್ರೋಟೀನುಗಳ ಜೋಡಿಯೆಂದು ೧೯೯೮ರಲ್ಲಿ ಸಿದ್ಧವಾಯಿತು; ಒಂಟಿಯಾದರೆ ಅದು ನಿರುಪಯುಕ್ತ. ಕಾಫಿಯ ಕೆಫೀನ್ ತಡೆಯುವ ಅಡೆನೊಸೀನ್ ಗ್ರಾಹಕವೂ ಡೋಪಮೀನಿನ ಡಿ-೨ ಗ್ರಾಹಕವೂ ಇಂಥ ಜೋಡಿಯೆಂದು ಅನೇಕರ ಅಭಿಮತ. ಜೀವಂತ ಮೆದುಳಿನಲ್ಲಿ ಈ ಜೋಡಿಗಳ ಪಾತ್ರವೆಷ್ಟೆಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಈ ಜ್ಞಾನದಿಂದ ಒದಗಿದ ಫಲವೊಂದನ್ನು ಇಲ್ಲಿ ಹೇಳುವುದು ಯುಕ್ತ. ಸ್ಕಿಜೋಫ್ರೀನಿಯ ಎಂಬ ಮನೋರೋಗಕ್ಕೆ ೧೯೫೦ರ ದಶಕದಿಂದ ಬಂದ ಔಷಧಿಗಳೆಲ್ಲ ಬಹುಮಟ್ಟಿಗೆ ಡಿ-೨ ಗ್ರಾಹಕವನ್ನು ತಡೆಯುವಂಥವು. ಅರಿಕೋಲಿನಿನ ರಚನೆಯನ್ನನುಸರಿಸಿ ಸಿದ್ಧಪಡಿಸಿದ ಜಾನೋಮೆಲಿನ್ ಎಂ-೧ ಮತ್ತು ಎಂ-೪ ಗ್ರಾಹಕಗಳನ್ನು ಪ್ರಚೋದಿಸಿ, ಡೋಪಮೀನಿನ ಅತಿರೇಕವನ್ನು ಬಳಸುದಾರಿಯಿಂದ ತಗ್ಗಿಸುತ್ತದೆ. ೧೯೯೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಲ್‌ಝೈಮರ್ ರೋಗಿಗಳ ಭ್ರಮೆಗಳು ಅದರಿಂದ ಕಡಮೆಯಾದವು. ಆದರೆ ವಾಂತಿ, ಹೊಟ್ಟೆನೋವು, ಬೆವರುಗಳನ್ನು ತಾಳಲಾರದೆ ಅನೇಕರು ನಡುವೆಯೇ ಬಿಟ್ಟರು. ಅಡಿಕೆ ಸೊಕ್ಕಿದವನ ಪಾಡೇ ಅವರದೂ! ಮುಂದೆ ಮೆದುಳನ್ನು ದಾಟಲಾರದ ಟ್ರೋಸ್ಪಿಯಂ ಎಂಬ ತಡೆವಸ್ತುವನ್ನು ಜೊತೆಗೂಡಿಸಲು, ದೇಹದ ಗ್ರಾಹಕಗಳು ಮುಚ್ಚಿ ಮೆದುಳಿನವು ಮಾತ್ರ ತೆರೆದುಳಿದವು. ಈ ಜೋಡಿ ಔಷಧಿಗೆ ೨೦೨೪ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು.

ಇದರಿಂದ ಅಡಿಕೆಯೇ ಔಷಧಿಯೆಂದು ಹೇಳಹೊರಡುವವರುಂಟು. ಈ ವಾದ ನಮಗೆ ಸಮ್ಮತವಲ್ಲ. ಆಯ್ದ ಗ್ರಾಹಕಗಳನ್ನು ಅಳತೆಯಲ್ಲಿ ಮುಟ್ಟುವುದು ಬೇರೆ, ದಿನಕ್ಕೆ ಹತ್ತು ಬಾರಿ ಎಲ್ಲವನ್ನೂ ಕೆಣಕುವುದು ಬೇರೆ. ಹೊಗೆಸೊಪ್ಪಿಲ್ಲದ ಅಡಿಕೆಯೂ ಬಾಯಿಯ ಒಳಪೊರೆಯನ್ನು ಗಡಸುಗೊಳಿಸಿ ದವಡೆಯನ್ನು ಬಿಗಿಸಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ೨೦೦೪ರ ಗ್ರಂಥವು ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಅಡಿಕೆಯನ್ನೇ ನಂಬಿ ಬದುಕುವ ಮೂರು ತಾಲ್ಲೂಕುಗಳಿಗೆ ಇದು ಹಿತವಾದ ಮಾತಲ್ಲ. ಆದರೂ ಕಾಲೇಜಿನ ತರಗತಿಯಲ್ಲಿ ಮರೆಮಾಚತಕ್ಕದ್ದಲ್ಲ.

ಹೊಗೆಸೊಪ್ಪನ್ನು ಬಿಟ್ಟೆ, ಕವಳವನ್ನು ಬಿಡಲಾರೆ ಎನ್ನುವವರನ್ನು ಮನೋಬಲವಿಲ್ಲದವರೆಂದು ಹಳಿಯುವುದೂ ಸರಿಯಲ್ಲ. ನಿಕೋಟೀನ್ ಬಿಟ್ಟುಹೋದ ಗ್ರಾಹಕಗಳಲ್ಲಿ ಕೆಲವನ್ನು ಅರಿಕೋಲಿನ್ ಮತ್ತೆ ತಟ್ಟುತ್ತಿರುತ್ತದೆ. ಹೊಗೆಸೊಪ್ಪಿನ ಚಟ ಬಿಡಿಸಲು ಬಳಕೆಯಲ್ಲಿರುವ ಔಷಧಿಗಳು ಅಡಿಕೆಯ ಚಟಕ್ಕೂ ನೆರವಾಗಬಹುದೆಂಬ ಸೂಚನೆ ಹೊರಟದ್ದು ೨೦೧೫ರ ಆ ಶೋಧನೆಯಿಂದಲೇ.