ಕುರುರಾಯನ ಬಿಡಾರ

ಉಳ್ಳಾರ್ತಿ ಕಾವಲಿನ ಕಡೆಗೆ ಸಂಜೆ ನಡೆದುಹೋಗುವವರಿಗೆ ಕುರಿಮಂದೆ ಕಣ್ಣಿಗೆ ಬೀಳುವ ಮೊದಲೇ ನಾಯಿಯ ದನಿ ಕೇಳಿಸುತ್ತದೆ. ಮೈಸೂರರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಈ ಸೀಮೆಯ ಹುಲ್ಲುಗಾವಲುಗಳ ದೊಡ್ಡ ಭಾಗವು ಇಂದು ವಿಜ್ಞಾನಸಂಸ್ಥೆಗಳ ಗೋಡೆಯೊಳಗಿದೆ. ಉಳಿದ ಅಂಚಿನಲ್ಲಿ ಕುರಿ ಮೇಯಿಸುವ ವೃದ್ಧರೊಬ್ಬರು ನನಗೆ ಪರಿಚಿತರು. ಕಳೆದ ಡಿಸೆಂಬರಿನಲ್ಲಿ ನಾನು ಅವರನ್ನು ಅರಸಿ ಹೋದದ್ದು ನಮ್ಮ ಕಾಲೇಜಿನ ನಾಯಿಯೊಂದನ್ನು ಅವರ ತಲೆಗೆ ಕಟ್ಟಿಬರಬೇಕೆಂದು.

ಆ ನಾಯಿ ನಾಲ್ಕು ವರ್ಷಗಳ ಹಿಂದೆ ಲಾರಿಗೆ ಸಿಕ್ಕಿ ತೊಡೆ ಮುರಿದುಕೊಂಡು ನಮ್ಮ ಬಾಗಿಲಿಗೆ ಬಂದಿತ್ತು. ತರಗತಿಯಲ್ಲಿ ಆಗ ರನ್ನನ ಗದಾಯುದ್ಧ ನಡೆಯುತ್ತಿದ್ದುದರಿಂದ ಹುಡುಗರು ಅದಕ್ಕೆ ಕುರುರಾಯನೆಂದು ಹೆಸರಿಟ್ಟರು. (ಪಠ್ಯವು ಅವರಿಗೆ ತಲುಪಿತೆಂಬುದಕ್ಕೆ ನನಗೆ ದೊರೆತ ಏಕಮಾತ್ರ ಪ್ರಮಾಣ ಇದು!) ಪಶುವೈದ್ಯರು ಕಟ್ಟು ಹಾಕಿದರು, ಕಾಲು ಕೂಡಿತು, ಕುಂಟು ಉಳಿಯಿತು. ಎಲ್ಲರೂ ಬಿಸ್ಕತ್ತು ಹಾಕಿದೆವು. ಹುಚ್ಚಿನ ಲಸಿಕೆಯನ್ನು ವರ್ಷವರ್ಷವೂ ಹಾಕಿಸಬೇಕೆಂದು ಯಾರಿಗೂ ತೋರಲಿಲ್ಲ. ರೋಗ ತಲೆದೋರಿದ ಮೇಲೆ ಮದ್ದಿಲ್ಲವೆಂಬುದು ತಿಳಿಯದವರೇನೂ ನಾವಲ್ಲ.

2023ರ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕಾಗಿತ್ತು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು, ಶಾಲೆ ಕಾಲೇಜು ಆಸ್ಪತ್ರೆ ಬಸ್‌ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕು, ಮರಳಿ ಅಲ್ಲಿಗೆ ಬಿಡಕೂಡದು ಎಂದಿತು. ಅಧ್ಯಾಪಕರ ಸಭೆಯಲ್ಲಿ ಪ್ರಾಚಾರ್ಯರು, "ಈ ನಾಯಿ ಯಾರದು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಹೀಗೆ ಕಾವಲಿಗೆ ಹೋದೆ. ವೃದ್ಧರು ನನ್ನ ಮಾತನ್ನೆಲ್ಲ ಕೇಳಿ, ಹೆಗಲ ಕಂಬಳಿಯನ್ನು ಸರಿಮಾಡಿಕೊಂಡು ಹೇಳಿದರು: "ಮೇಷ್ಟ್ರೇ, ಮಂದೆ ನಾಯಿ ಮರಿಯಾಗಿದ್ದಾಗಿಂದ ಕುರಿ ನಡುವೆ ಬೆಳೀಬೇಕು. ನಿಮ್ಮದು ಬಿಸ್ಕತ್ತಿನ ನಾಯಿ. ಇಲ್ಲಿ ಬಿಟ್ರೆ ಹಸ್ತು ಸಾಯ್ತದೆ, ಇಲ್ಲಾ ನನ್ನ ಮರೀನೇ ಹಿಡೀತದೆ." ಪೇಟೆಯವರು ಚೀಲದಲ್ಲಿ ಮರಿಗಳನ್ನು ತಂದು ರಸ್ತೆಯಂಚಿಗೆ ಸುರಿದು ಹೋಗುತ್ತಾರಂತೆ. ಬದುಕಿದವು ಗುಂಪುಕಟ್ಟಿ ಕುರಿಯನ್ನೂ ಕೃಷ್ಣಮೃಗವನ್ನೂ ಅಟ್ಟುತ್ತವೆ. "ಅನ್ನ ಹಾಕಿದೋರು ಯಾರು? ಅವರೇ ಇಟ್ಕೋಬೇಕು" ಎಂದು ಅವರು ಮಂದೆಯತ್ತ ತಿರುಗಿದರು.

ಹಿಂದಿರುಗುವಾಗ ನೆನಪಾದದ್ದು ಆತಕೂರಿನ ಶಾಸನ. 949ರ ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ಹೆಸರಿನಲ್ಲಿ ಕಲ್ಲು ನಿಂತಿತು. ಪೂಜೆಗೆ ಭೂಮಿಯೂ ದತ್ತಿಯಾಯಿತು. ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿ ಎಷ್ಟೋ ಸಲ ವ್ಯಾಖ್ಯಾನ ಮಾಡಿದ್ದೇನೆ. ಮಣಲೇರನು ನಾಯಿಯನ್ನು ಬಾಯಿಬಿಟ್ಟು ಬೇಡಿದನೆಂಬ ಅಂಶಕ್ಕೆ ಮಾತ್ರ ಎಂದೂ ಒತ್ತುಕೊಟ್ಟಿರಲಿಲ್ಲ.

ಮನೆಯಲ್ಲಿ ವಿಷಯ ಎತ್ತಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ವರ್ಗವಾದರೆ?" ಸರ್ಕಾರಿ ನೌಕರರ ವಸತಿಗೃಹಗಳ ಸುತ್ತ ಅಲೆಯುವ ಜಾತಿನಾಯಿಗಳನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ನಮ್ಮ ವರ್ಗಾವಣೆಗೆ ಅಷ್ಟು ತಾಳ್ಮೆಯಿಲ್ಲ. ಜೊತೆಗೇ ಒಯ್ಯುವುದೆಂದು, ಬಾಡಿಗೆ ಮನೆ ಹುಡುಕುವಾಗ ನಾಯಿಯ ಮಾತನ್ನು ಮೊದಲು ಆಡುವುದೆಂದು ಒಪ್ಪಂದವಾಯಿತು.

ಲಸಿಕೆ, ಜಂತುಹುಳುವಿನ ಮದ್ದು, ಶಸ್ತ್ರಚಿಕಿತ್ಸೆ ಎಲ್ಲವೂ ಆದುವು. ಕುರುರಾಯ ಮೂರು ರಾತ್ರಿ ಊಳಿಟ್ಟ. ನೆರೆಯವರು ಬಾಯಿಮಾತಿಗಷ್ಟೇ ಸಹಿಸಿದರು. ನಾಲ್ಕನೆಯ ದಿನ ಹಗ್ಗ ಕಡಿದುಕೊಂಡು ಮಾಯವಾದ. ಎಲ್ಲಿರಬಹುದೆಂದು ಊಹಿಸಲು ಕಷ್ಟಪಡಬೇಕಾಗಿರಲಿಲ್ಲ. ಕಾಲೇಜಿನ ಬಾಗಿಲಲ್ಲಿ ಕಾವಲುಗಾರ ಅವನ ಕೊರಳಪಟ್ಟಿ ಹಿಡಿದು ನಿಂತು, "ಸಾರ್, ನಿಮ್ಮ ನಾಯಿ!" ಎಂದು ಕೂಗಿದ. ಅಲ್ಲೇ ಇದ್ದ ಪ್ರಾಚಾರ್ಯರು ನನ್ನ ಮುಖ ನೋಡಿದರು. "ಹೌದು, ನನ್ನದೇ" ಎಂದು ಹಗ್ಗ ತೆಗೆದುಕೊಂಡೆ.