ಚೈತ್ರದ ಗಾಳಿ, ಬಣವೆಯ ಕಾವಲು

ಕವಿಗಳ ವಸಂತಕ್ಕೂ ತುರ್ವಿಹಾಳದ ವಸಂತಕ್ಕೂ ನಂಟು ಕಡಮೆ. ಬೇವು ಹೂಬಿಡುವುದುಂಟು, ಕೋಗಿಲೆ ಕೂಗುವುದೂ ಉಂಟು. ಆದರೆ ಹೋಳಿಹುಣ್ಣಿಮೆಯ ಕಾಮದಹನ ಮುಗಿದು ಯುಗಾದಿ ಸಮೀಪಿಸುತ್ತಿದ್ದಂತೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಒಕ್ಕಲಿಗನ ಕಣ್ಣು ಮರದ ಮೇಲಿರುವುದಿಲ್ಲ. ಕಣದ ಮಗ್ಗುಲಲ್ಲಿ ಒಟ್ಟಿದ ಬಣವೆಯ ಮೇಲಿರುತ್ತದೆ. ಬಿಳಿಜೋಳದ ಕಣಿಕೆ, ಭತ್ತದ ಹುಲ್ಲು, ಶೇಂಗಾದ ಹೊಟ್ಟು ಇವೆಲ್ಲ ಮುಂದಿನ ಸುಗ್ಗಿಯವರೆಗೆ ದನಕರುಗಳಿಗೆ ಆಧಾರ. ಒಂದು ಕಿಡಿ ಬಿದ್ದರೆ ವರ್ಷದ ಮೇವು ಒಂದು ಗಳಿಗೆಯಲ್ಲಿ ಬೂದಿ. ಮೇವು ಹೋದ ಮನೆಯಲ್ಲಿ ಎತ್ತು ಉಳಿಯುವುದು ಕಷ್ಟ.

ಹವಾಮಾನ ಇಲಾಖೆಯವರು ಮಾರ್ಚಿನಿಂದ ಮೇ ತಿಂಗಳವರೆಗಿನ ಕಾಲವನ್ನು ಮುಂಗಾರಿಗೆ ಮೊದಲಿನ ಋತುವೆಂದು ಗಣಿಸುತ್ತಾರೆ. ಈ ಋತುವಿನ ಒಂದು ದಿನವನ್ನು ಗಮನಿಸಿದರೆ ಸಾಕು, ಅದರ ಗುಣ ತಿಳಿಯುತ್ತದೆ. ಬೆಳಗಿನ ಜಾವ ಗಾಳಿ ನಿಶ್ಚಲ. ಹೊಗೆ ನೆಟ್ಟಗೆ ಏರುತ್ತದೆ. ಬಿಸಿಲೇರಿದಂತೆ ಎರೆಯ ಹೊಲವೂ, ಅಶೋಕನ ಶಾಸನವನ್ನು ಹೊತ್ತ ಮಸ್ಕಿಯ ಗುಡ್ಡದಂಥ ಬರಿಯ ಬಂಡೆಗಳೂ ಕಾಯುತ್ತವೆ. ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಮೇಲಕ್ಕೇಳುತ್ತದೆ. ಅದರ ಸ್ಥಳಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಬಯಲಿನಲ್ಲಿ ಧೂಳು, ತರಗೆಲೆಗಳನ್ನು ಸುತ್ತಿಕೊಂಡು ಕಂಬದಂತೆ ಓಡುವ ಸುಂಟರಗಾಳಿ ಹುಟ್ಟುವುದು ಹೀಗೆ. ಅದೇ ಏರುಗಾಳಿಯ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ತೇಲುತ್ತ ಆಕಾಶದಲ್ಲಿ ವೃತ್ತಗಳನ್ನು ಬರೆಯುತ್ತವೆ.

ಹದ್ದಿಗೆ ಹಿತವಾದದ್ದು ವಿಮಾನಕ್ಕೆ ಹಿತವಲ್ಲ. ಕಾದ ಗಾಳಿ ತೆಳುವಾದ ಗಾಳಿ. ಒತ್ತಡ ಒಂದೇ ಇರುವಾಗ 15 ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 8ರಷ್ಟು ಕಡಮೆ. ರೆಕ್ಕೆಗೆ ಸಿಗುವ ಆಸರೆ ಅಷ್ಟರಮಟ್ಟಿಗೆ ಕುಗ್ಗುವುದರಿಂದ ನೆಲ ಬಿಡುವ ಮೊದಲು ವಿಮಾನ ಹೆಚ್ಚು ದೂರ ಓಡಬೇಕಾಗುತ್ತದೆ, ಇಲ್ಲವೆ ಹೊರೆಯನ್ನು ಇಳಿಸಬೇಕಾಗುತ್ತದೆ. ಇಳಿಯುವಾಗ ಏರುಗಾಳಿಯ ಕುಲುಕಾಟ ಬೇರೆ. ಈ ಬಯಲುಸೀಮೆಯ ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸಂಗತಿ ಇಲ್ಲಿಯವರಿಗೂ ದೂರದ್ದಲ್ಲ. ಈಚೆಗೆ ಭತ್ತದ ಗದ್ದೆಗಳಿಗೆ ಔಷಧಿ ಸಿಂಪಡಿಸಲು ಬಂದಿರುವ ಡ್ರೋನುಗಳಿಗೂ ಬೆಳಗಿನ ತಣ್ಣನೆಯ ಹೊತ್ತೇ ಸರಿ. ಮಧ್ಯಾಹ್ನದ ಗಾಳಿಯಲ್ಲಿ ಔಷಧಿ ತನ್ನ ಗದ್ದೆ ಬಿಟ್ಟು ನೆರೆಯವನ ಹೊಲಕ್ಕೆ ಹೋಗುತ್ತದೆ.

ಔಷಧಿಯ ಹನಿಯನ್ನು ಒಯ್ಯುವ ಗಾಳಿಗೆ ಕಿಡಿಯೇನೂ ಭಾರವಲ್ಲ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಉಳಿದ ಕೂಳೆಗೆ ಕೆಲವರು ಬೆಂಕಿ ಇಡುತ್ತಾರೆ. ಒಲೆಯ ಬೂದಿಯನ್ನು ಆರಿಸದೆ ತಿಪ್ಪೆಗೆ ಸುರಿಯುವವರುಂಟು. ಬೀಡಿಯ ತುಂಡನ್ನು ಎಸೆಯುವವರಿಗಂತೂ ಲೆಕ್ಕವಿಲ್ಲ. ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಸುರಿಸುವುದೂ ಉಂಟು. ಆದ್ದರಿಂದಲೇ ಅನುಭವಸ್ಥರು ತಂತಿಯ ಕೆಳಗೆ ಬಣವೆ ಒಟ್ಟುವುದಿಲ್ಲ. ಒಂದು ಬಣವೆಗೂ ಇನ್ನೊಂದಕ್ಕೂ ನಡುವೆ ಬರಿಯ ನೆಲ ಬಿಡುತ್ತಾರೆ. ಜಾಗವಿಲ್ಲವೆಂದು ಸಾಲಾಗಿ ಒತ್ತೊತ್ತಿಗೆ ಒಟ್ಟಿದ ಕಡೆ ಬೆಂಕಿ ಒಂದಕ್ಕೇ ನಿಲ್ಲುವುದಿಲ್ಲ.

ಒಣಹುಲ್ಲಿನ ಈ ಗುಣ ನಗರದವರಿಗೂ 2019ರಲ್ಲಿ ತಿಳಿಯಿತು. ಆ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದಾಗ ವಾಹನಗಳನ್ನು ನಿಲ್ಲಿಸಿದ್ದ ಬಯಲಿನ ಹುಲ್ಲು ಹೊತ್ತಿಕೊಂಡು ಸುಮಾರು 300 ಕಾರುಗಳು ಸುಟ್ಟುಹೋದವು. ಅದೇ ದಿನಗಳಲ್ಲಿ ಬಂಡೀಪುರದ ಕಾಡು ಉರಿಯುತ್ತಿತ್ತು. ನೆಲದ ಮೇಲೆ ಸೊಪ್ಪಿನಿಂದ ಬಡಿದು ಆರಿಸುವವರ ಶಕ್ತಿಗೆ ಅದು ಮೀರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ತುರ್ವಿಹಾಳದ ಬಣವೆಗೆ ಹೆಲಿಕಾಪ್ಟರು ಬರುವುದಿಲ್ಲ. ಬರುವುದು ನೆರೆಹೊರೆಯವರ ಕೊಡಗಳು, ಟ್ರ್ಯಾಕ್ಟರಿನ ಟ್ಯಾಂಕು, ಕೊನೆಗೆ ಅಗ್ನಿಶಾಮಕದ ಗಾಡಿ. ಅಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ.

ಏಪ್ರಿಲ್ ನಡುಗಾಲಕ್ಕೆ ಅಶ್ವಿನಿ, ಅದರ ಬೆನ್ನಿಗೆ ಭರಣಿ. ಕಡಲಿನ ಕಡೆಯಿಂದ ಬರುವ ತೇವದ ಗಾಳಿಯೂ ಒಳನಾಡಿನ ಒಣಗಾಳಿಯೂ ಸಂಧಿಸಿ, ಮಧ್ಯಾಹ್ನ ಕಳೆದ ಮೇಲೆ ಗುಡುಗಿನ ಮೋಡಗಳು ಗೋಪುರದಂತೆ ಏಳುತ್ತವೆ. ವಿಮಾನ ಚಾಲಕರು ಈ ಮೋಡವನ್ನು ಬಳಸಿಕೊಂಡು ಹೋಗುತ್ತಾರೆ; ಒಳಗೆ ಹೊಕ್ಕುವ ಸಾಹಸ ಮಾಡುವುದಿಲ್ಲ. ಮಳೆಗೆ ಮೊದಲು ಮೋಡದಿಂದ ಧುಮುಕುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಿಯುತ್ತದೆ. ಎಲ್ಲೋ ಹೊಗೆಯಾಡುತ್ತಿದ್ದ ಕೂಳೆಯ ಬೆಂಕಿ ದಿಕ್ಕು ಬದಲಿಸಿ ಊರ ಕಡೆ ತಿರುಗುವ ಅಪಾಯ ಈ ಹೊತ್ತಿನಲ್ಲೇ ಹೆಚ್ಚು.

ಮಳೆ ಬಿದ್ದರೆ ಬಣವೆ ಉಳಿಯಿತು. ಆದರೆ ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಎರಡನೆಯ ಭತ್ತ ಮಾಗಿ ನಿಲ್ಲುವ ಕಾಲವೂ ಇದೇ. ಬಿರುಗಾಳಿಗೆ ತೆನೆ ಮಲಗುತ್ತದೆ, ಆಲಿಕಲ್ಲಿಗೆ ಕಾಳು ಉದುರುತ್ತದೆ. ಕಣದಲ್ಲಿ ಬಣವೆ, ಗದ್ದೆಯಲ್ಲಿ ಬೆಳೆ, ಎರಡನ್ನೂ ಉಳ್ಳ ಮನೆಯ ಯಜಮಾನ ಸಂಜೆ ಕಟ್ಟೆಯ ಮೇಲೆ ನಿಂತು ಪಡುವಣದ ಕರಿಮೋಡವನ್ನು ನೋಡುತ್ತಾನೆ. ಬಾ ಎನ್ನಬೇಕೋ ಬೇಡ ಎನ್ನಬೇಕೋ ಅವನಿಗೆ ತಿಳಿಯದು. ಒಳಗಿನಿಂದ ಮನೆಯಾಕೆ, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಬಾಚಲು ಬುಟ್ಟಿ ಹಿಡಿದು ಹೊರಬರುತ್ತಾಳೆ.