ಗೆಲ್ಲುವ ಜೋಡಿ ಯಾವುದು?

ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದವೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಎತ್ತುಗಳದೇ ಮಾತು. ದೀಪಾವಳಿಯ ದಿನಗಳಲ್ಲಿ ಕೊಬ್ಬರಿ ಹಾರ ತೊಟ್ಟು ಜನಸಂದಣಿಯ ನಡುವೆ ನುಗ್ಗುವ ಹೋರಿಯನ್ನು ಮೆಚ್ಚಿದ ಜನವೇ ಈಗ ಖಾಲಿ ಗಾಡಿ ಓಟವನ್ನು ನೋಡಲು ನೆರೆಯುತ್ತಾರೆ. ಹಲವು ಊರುಗಳಲ್ಲಿ ಈ ಓಟದ ಕಟ್ಟಳೆ ಬಹು ಸರಳ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ಓಡಿಸುವುದಿಲ್ಲ. ಒಂದೊಂದೇ ಜೋಡಿ ಬರಿಯ ಗಾಡಿಯನ್ನು ಎಳೆದುಕೊಂಡು ಒಂದು ನಿಮಿಷ ಓಡುತ್ತದೆ. ಓಡಿದ ದೂರವನ್ನು ಅಡಿಗಳಲ್ಲಿ ಅಳೆಯುತ್ತಾರೆ. ಹೆಚ್ಚು ದೂರ ಓಡಿದ ಜೋಡಿಗೆ ಮೊದಲ ಬಹುಮಾನ.

ಓಟಕ್ಕೆ ಮುನ್ನ ಊರ ಅಗಸಿಯ ಕಟ್ಟೆಯ ಮೇಲೆ ನಡೆಯುವ ಚರ್ಚೆಯನ್ನು ಕೇಳಬೇಕು. "ಈ ಸರ್ತಿ ಕೆಂದೆತ್ತಿನ ಜೋಡಿ ಬಿಡಂಗಿಲ್ಲ ನೋಡ್ರಿ" ಎಂದು ಒಬ್ಬರು. "ರಾತ್ರಿ ಮಳಿ ಆಗೈತಿ, ಹಗರ ಎತ್ತಿಗೇ ಅನುಕೂಲ" ಎಂದು ಮತ್ತೊಬ್ಬರು. ಇವರು ಮಾಡುತ್ತಿರುವುದು ಬರಿಯ ಹರಟೆಯೇ? ಅಥವಾ ಇದರಲ್ಲಿ ವಿಜ್ಞಾನದ ಅಂಶವೇನಾದರೂ ಉಂಟೆ? ಉಂಟು. ಆದರೆ ಅದಕ್ಕೊಂದು ಮಿತಿಯೂ ಉಂಟು. ಆ ಮಿತಿಯನ್ನು ಅರಿಯದೆ ಕೆಟ್ಟವರು ಅನೇಕರು.

ಮೊದಲು ಅಂಶವನ್ನು ನೋಡೋಣ. ಒಂದು ಜೋಡಿ ನಿಮಿಷಕ್ಕೆ 2,000 ಅಡಿ ಓಡಿತೆಂದು ಇಟ್ಟುಕೊಂಡರೆ ಅದರ ವೇಗ ಗಂಟೆಗೆ ಸುಮಾರು 37 ಕಿಲೋಮೀಟರು. ಈ ವೇಗದಲ್ಲಿ ಓಡುವ ಪ್ರಾಣಿಯ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಉಳಿದದ್ದು ಶಾಖವಾಗಿ ಮೈಯನ್ನು ಕಾಯಿಸುತ್ತದೆ. ಕುದುರೆ ಧಾರಾಳವಾಗಿ ಬೆವರಿ ಈ ಶಾಖವನ್ನು ಕಳೆದುಕೊಳ್ಳಬಲ್ಲದು; ಎತ್ತಿಗೆ ಅಷ್ಟು ಬೆವರುವ ಸಾಮರ್ಥ್ಯವಿಲ್ಲ. ಆದಕಾರಣ ಬೆಳಗಿನ ತಂಪಿನಲ್ಲಿ ಓಡಿದ ಜೋಡಿಗೂ ಮಧ್ಯಾಹ್ನದ ಬಿಸಿಲಿನಲ್ಲಿ ಸರದಿಗಾಗಿ ಕಾದು ನಿಂತ ಜೋಡಿಗೂ ಸ್ಥಿತಿ ಒಂದೇ ಅಲ್ಲ. ಇನ್ನು ನೆಲದ ಮಾತು. ಒದ್ದೆಯಾದ ಎರೆಮಣ್ಣಿನಲ್ಲಿ ಗಾಲಿ ಹೂಳುತ್ತದೆ. ಮಣ್ಣನ್ನು ಒತ್ತಿ ಅದರ ಆಕಾರವನ್ನು ಕೆಡಿಸುವುದಕ್ಕೇ ಎತ್ತುಗಳ ಶ್ರಮದಲ್ಲಿ ಒಂದು ಭಾಗ ಹೋಗುತ್ತದೆ. ಕಟ್ಟೆಯ ಹಿರಿಯರು ಮಳೆಯ ಮಾತನ್ನೆತ್ತಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಹಿಂದಿನ ಓಟಗಳ ಸರಾಸರಿ ಯಾವ ಜೋಡಿಯದು ಹೆಚ್ಚೋ ಅದೇ ಗೆಲ್ಲುತ್ತದೆಯೆ? ಇಲ್ಲೊಂದು ಸ್ವಾರಸ್ಯವಿದೆ. ಎರಡು ಜೋಡಿಗಳನ್ನು ಕಲ್ಪಿಸಿಕೊಳ್ಳೋಣ. ಕೆಂದೆತ್ತಿನ ಜೋಡಿ ಹಿಂದಿನ ಐದು ಓಟಗಳಲ್ಲಿ 2,010, 2,030, 2,020, 2,040, 2,000 ಅಡಿ ಓಡಿದೆ, ಸರಾಸರಿ 2,020. ಬಿಳಿಯೆತ್ತಿನ ಜೋಡಿ 1,860, 2,150, 1,980, 2,120, 1,940 ಅಡಿ ಓಡಿದೆ, ಸರಾಸರಿ 2,010. ಸರಾಸರಿಯನ್ನಷ್ಟೇ ನೋಡಿದರೆ ಕೆಂದೆತ್ತೇ ಮೇಲು. ಆದರೆ ಇಂದು ಬೆಳಗ್ಗೆಯೇ ಬೇರೊಂದು ಜೋಡಿ 2,100 ಅಡಿ ಓಡಿಬಿಟ್ಟಿದೆ ಎನ್ನಿ. ಅದನ್ನು ಮೀರಬೇಕಾದರೆ ಯಾರ ಮೇಲೆ ಭರವಸೆ ಇಡಬೇಕು? ಕೆಂದೆತ್ತು ಆ ಗುರುತನ್ನು ಒಮ್ಮೆಯೂ ಮುಟ್ಟಿಲ್ಲ. ಬಿಳಿಯೆತ್ತು ಐದರಲ್ಲಿ ಎರಡು ಸಲ ದಾಟಿದೆ. ಮೊದಲ ಬಹುಮಾನಕ್ಕೆ ಬಿಳಿಯೆತ್ತನ್ನೂ, ಮೊದಲ ಐದಾರು ಸ್ಥಾನಗಳಲ್ಲಿ ಒಂದಕ್ಕೆ ಕೆಂದೆತ್ತನ್ನೂ ಹೆಸರಿಸುವುದೇ ವಿವೇಕ. ಮುನ್ಸೂಚನೆಗೆ ಸರಾಸರಿಯೊಂದೇ ಸಾಲದು. ಫಲಿತಾಂಶಗಳು ಸರಾಸರಿಯ ಸುತ್ತ ಎಷ್ಟು ಚದರಿವೆ ಎಂಬುದನ್ನೂ ಗಮನಿಸಬೇಕು.

ಇನ್ನು ಅಳತೆಯನ್ನೇ ಪರೀಕ್ಷಿಸೋಣ. ಗಡಿಯಾರ ನೋಡಿ ಸೀಟಿ ಊದುವವನ ಕೈ-ಕಣ್ಣುಗಳ ಹೊಂದಾಣಿಕೆಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕಾಗುವುದು ಸಹಜ. ಅಷ್ಟರಲ್ಲಿ ಗಾಡಿ ಆರೇಳು ಅಡಿ ಮುಂದೆ ಸಾಗಿರುತ್ತದೆ. ಎಂದಮೇಲೆ ಎರಡು ಜೋಡಿಗಳ ನಡುವಣ ಅಂತರ ಮೂರು ನಾಲ್ಕು ಅಡಿಯಾಗಿದ್ದರೆ, ಗೆದ್ದದ್ದು ಎತ್ತೋ ಸೀಟಿಯೋ ಎಂದು ಹೇಳುವುದು ಕಷ್ಟ!

ಕುದುರೆ ಪಂದ್ಯದಲ್ಲಿ ಈ ಅನಿಶ್ಚಯ ಇನ್ನೂ ಸ್ಪಷ್ಟ. ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸುಗಳಲ್ಲಿ ನಡೆದುಬಂದಿರುವ ಪಂದ್ಯಗಳ ಮುನ್ನೋಟವನ್ನು ಪತ್ರಿಕೆಗಳಲ್ಲಿ ನೀವು ನೋಡಿರಬಹುದು: ಕುದುರೆಯ ಹಿಂದಿನ ಓಟಗಳು, ಹೊರುವ ಭಾರ, ಜಾಕಿ, ಓಟದ ದೂರ, ನೆಲದ ಸ್ಥಿತಿ. 1,200 ಮೀಟರಿನ ಓಟವನ್ನು ಗಂಟೆಗೆ 60 ಕಿಲೋಮೀಟರು ವೇಗದ ಕುದುರೆ 72 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಅದರ ವೇಗದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೂ ಕೊನೆಯಲ್ಲಿ 12 ಮೀಟರು, ಅಂದರೆ ಸುಮಾರು ಐದು ಕುದುರೆಗಳ ಉದ್ದದಷ್ಟು ಅಂತರ ಬೀಳುತ್ತದೆ. ಒಂದು ಪ್ರಾಣಿಯ ಉತ್ಸಾಹ ದಿನದಿಂದ ದಿನಕ್ಕೆ ನೂರಕ್ಕೆ ಒಂದರಷ್ಟು ಏರಿಳಿಯುವುದು ಯಾವ ದೊಡ್ಡ ಮಾತು? ಸಾಲದುದಕ್ಕೆ, ಅನೇಕ ಪಂದ್ಯಗಳಲ್ಲಿ ಉತ್ತಮ ಕುದುರೆಗೆ ಹೆಚ್ಚು ಭಾರವನ್ನೂ ಸಾಧಾರಣ ಕುದುರೆಗೆ ಕಡಿಮೆ ಭಾರವನ್ನೂ ಹೊರಿಸಿ ಎಲ್ಲವನ್ನೂ ಸಮಬಲಕ್ಕೆ ತರಲು ಯತ್ನಿಸುತ್ತಾರೆ. ಹಿಂದಿನ ಓಟಗಳಿಂದ ನಮಗೆ ದೊರೆತ ಜ್ಞಾನವನ್ನೇ ಬಳಸಿ ಮುಂದಿನ ಓಟವನ್ನು ಅನಿಶ್ಚಿತಗೊಳಿಸುವ ಉಪಾಯವಿದು. ಅಮೆರಿಕದ ಪ್ರಸಿದ್ಧ ಕೆಂಟಕಿ ಡರ್ಬಿಯಲ್ಲಿ 2022ರಂದು ರಿಚ್ ಸ್ಟ್ರೈಕ್ ಎಂಬ ಕುದುರೆ ಗೆದ್ದಿತು. ಅದರ ಮೇಲಿನ ಬಾಜಿಯ ದರ ಒಂದಕ್ಕೆ ಎಂಬತ್ತು!

ಇಷ್ಟಾದರೂ ಜನರ ಒಟ್ಟು ಅಂದಾಜು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆಂಬುದು ಸೋಜಿಗದ ಸಂಗತಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಪಟ್ಟಣದ ದನಗಳ ಪ್ರದರ್ಶನದಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಅದನ್ನು ಕೊಯ್ದು ಹಸನು ಮಾಡಿದ ಮೇಲೆ ಮಾಂಸದ ತೂಕವೆಷ್ಟಾದೀತೆಂದು ಊಹಿಸುವ ಸ್ಪರ್ಧೆ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ಪಡೆದು 787 ಊಹೆಗಳನ್ನು ಕ್ರಮವಾಗಿ ಜೋಡಿಸಿದ. ನಟ್ಟನಡುವಿನ ಊಹೆ 1,207 ಪೌಂಡು. ನಿಜವಾದ ತೂಕ 1,198 ಪೌಂಡು. ತಪ್ಪು ನೂರಕ್ಕೆ ಒಂದರಷ್ಟೂ ಇರಲಿಲ್ಲ! ಒಬ್ಬನ ಹೆಚ್ಚಳ ಇನ್ನೊಬ್ಬನ ಕೊರತೆಯನ್ನು ತುಂಬಿತ್ತು.

ಬಾಜಿಯ ದರಗಳಲ್ಲಿಯೂ ಜನರ ಇಂಥ ಒಟ್ಟು ತಿಳಿವಳಿಕೆಯೇ ಅಡಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಜೋಸೆಫ್ ಓಲ್ಲರ್ ಬಳಕೆಗೆ ತಂದ ಪದ್ಧತಿಯಂತೆ, ಎಲ್ಲರ ಹಣವೂ ಒಂದು ರಾಶಿಯಾಗಿ ಸೇರುತ್ತದೆ. ನಡೆಸುವವರ ಪಾಲನ್ನೂ ತೆರಿಗೆಯನ್ನೂ ಕಳೆದು ಉಳಿದುದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಈ ಲೆಕ್ಕಕ್ಕಾಗಿ ಜಾರ್ಜ್ ಜೂಲಿಯಸ್ ರೂಪಿಸಿದ ದೊಡ್ಡ ಯಂತ್ರ 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೆಲಸಕ್ಕೆ ತೊಡಗಿತು.

ಒಂದು ಕಲ್ಪಿತ ಪಂದ್ಯದಲ್ಲಿ ಒಟ್ಟು 10,000 ರೂಪಾಯಿ ಸೇರಿದೆ. ಅದರಲ್ಲಿ 4,000 ರೂಪಾಯಿ ಒಂದೇ ಕುದುರೆಯ ಮೇಲಿದೆ ಎನ್ನೋಣ. ಅಂದರೆ ಆ ಕುದುರೆ ಗೆಲ್ಲುವ ಸಂಭಾವ್ಯತೆ ನೂರಕ್ಕೆ 40 ಎಂಬುದು ಜನರ ಮತ. ನೂರಕ್ಕೆ 20ರಂತೆ ಕಡಿತವಾದರೆ ಹಂಚಲು ಉಳಿಯುವುದು 8,000 ರೂಪಾಯಿ. ಗೆದ್ದವನಿಗೆ ರೂಪಾಯಿಗೆ ಎರಡು ರೂಪಾಯಿ. ಜನರ ಮತ ಸರಿಯಾಗಿದ್ದರೆ ಇಂಥ ನೂರು ಬಾಜಿಗಳಲ್ಲಿ ನಲವತ್ತನ್ನು ಗೆದ್ದು 80 ರೂಪಾಯಿ ಪಡೆಯುತ್ತೇವೆ, ಕೊಟ್ಟದ್ದು ನೂರು! ಬಂದ ಹಣವನ್ನೆಲ್ಲ ಮತ್ತೆ ಮತ್ತೆ ಹೂಡಿದರೆ, ಹತ್ತು ಸುತ್ತುಗಳ ಬಳಿಕ ನೂರರಲ್ಲಿ ಸರಾಸರಿ ಉಳಿಯುವುದು ಸುಮಾರು 11 ರೂಪಾಯಿ. ಈ ನಷ್ಟವನ್ನು ತಪ್ಪಿಸಬೇಕಾದರೆ ಗೆಲ್ಲುವ ಕುದುರೆಯನ್ನು ಬಲ್ಲೆನೆಂದರೆ ಸಾಲದು. ನೆರೆದ ಜನರೆಲ್ಲರಿಗಿಂತ ಬಹಳ ಚೆನ್ನಾಗಿ ಬಲ್ಲವನಾಗಿರಬೇಕು. ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಕೌಶಲವಿರುವುದು ನಿಜ. ಆದರೆ ಕೌಶಲ ಬೇರೆ, ಲಾಭ ಬೇರೆ.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಕಣ್ಣಾರೆ ಕಂಡಿದ್ದೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರೊಬ್ಬರ ಮಗ ನನ್ನ ಸಹಪಾಠಿಯಾಗಿದ್ದ. ಎರಡು ಹೆಸರಾಂತ ಜೋಡಿಗಳಲ್ಲಿ ಯಾವುದು ಹೆಚ್ಚು ಓಡುವುದೆಂದು ಆತ ಐದು ಓಟಗಳಲ್ಲಿ ಸಾಲಾಗಿ ಸರಿಯಾಗಿ ಹೇಳಿದ. ವಸತಿಗೃಹದಲ್ಲಿ ಅವನ ಮಾತಿಗೆ ಶಾಸ್ತ್ರದ ಬೆಲೆ ಬಂತು. ಆರನೆಯ ಓಟಕ್ಕೆ ಆತ ಪರೀಕ್ಷೆಯ ಶುಲ್ಕವನ್ನೇ ಪಣಕ್ಕಿಟ್ಟ, ಸೋತ. ತಂದೆ ಮಗನಿಗೆ ಒಂದು ಮಾತನ್ನೂ ಆಡಲಿಲ್ಲ. ಒಳ್ಳೆಯ ಬೆಲೆ ಬರಲೆಂದು ಕಾದಿಟ್ಟಿದ್ದ ಎರಡು ಚೀಲ ಮೆಣಸಿನಕಾಯಿಯನ್ನು ಅಂದಿನ ಬೆಲೆಗೇ ಮಾರಿ ಶುಲ್ಕ ಕಟ್ಟಿದರು. ಆ ಮೌನವನ್ನು ನಾನು ಮರೆತಿಲ್ಲ.

ಆ ಐದು ಗೆಲುವುಗಳ ಅರ್ಥವೇನು? ನನ್ನ ತರಗತಿಯಲ್ಲಿ ನಾನೊಂದು ಪ್ರಯೋಗ ಮಾಡಿಸುತ್ತೇನೆ. 64 ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಾರೆ. ನಾಣ್ಯವನ್ನು ಚಿಮ್ಮುವ ಮುನ್ನ ಪ್ರತಿಯೊಬ್ಬರೂ ತಲೆಯೋ ಬಾಲವೋ ಎಂದು ಬರೆದಿಡಬೇಕು, ತಪ್ಪಿದವರು ಕುಳಿತುಕೊಳ್ಳಬೇಕು. ಒಂದು ಸಲಕ್ಕೆ ಸುಮಾರು 32 ಮಂದಿ ಉಳಿಯುತ್ತಾರೆ. ಅನಂತರ 16, 8, 4. ಐದನೆಯ ಸಲ ಮುಗಿದಾಗ ಸರಾಸರಿ ಇಬ್ಬರು ಇನ್ನೂ ನಿಂತಿರುತ್ತಾರೆ. ಅವರಿಗೆ ದಿವ್ಯದೃಷ್ಟಿ ಇದೆಯೆ? ಇಲ್ಲ; ಅಷ್ಟು ಜನರಲ್ಲಿ ಯಾರಾದರೂ ನಿಂತಿರುವ ಸಂಭವವೇ ಹೆಚ್ಚು. ನಾವು ನಿಂತವರನ್ನು ನೋಡುತ್ತೇವೆ, ಕುಳಿತ ಅರುವತ್ತೆರಡು ಮಂದಿಯನ್ನು ಮರೆಯುತ್ತೇವೆ. ನನ್ನ ಗೆಳೆಯ ಮೋಸಗಾರನಲ್ಲ, ಮೂರ್ಖನೂ ಅಲ್ಲ. ಐದು ಸಲ ನಿಂತಿದ್ದವನು, ಅಷ್ಟೆ.

ಹಾಗೆಂದು ಮುನ್ಸೂಚನೆಯನ್ನೇ ಬಿಡಬೇಕಾಗಿಲ್ಲ. ಅದನ್ನು ಪರೀಕ್ಷಿಸುವ ಸುಲಭವಾದ ವಿಧಾನವೊಂದನ್ನು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ. "ಈ ಜೋಡಿ ಗೆಲ್ಲುತ್ತದೆ" ಎನ್ನುವ ಬದಲು "ಗೆಲ್ಲುವ ಸಂಭಾವ್ಯತೆ 0.7" ಎಂದು ಮುಂಚಿತವಾಗಿ ಬರೆದಿಡಿ. ಗೆದ್ದರೆ ಫಲ 1, ಸೋತರೆ 0. ನಿಮ್ಮ ಸಂಖ್ಯೆಗೂ ಫಲಕ್ಕೂ ಇರುವ ವ್ಯತ್ಯಾಸದ ವರ್ಗವೇ ನಿಮ್ಮ ತಪ್ಪಿನ ಅಂಕ. ಗೆದ್ದರೆ 0.3ರ ವರ್ಗ 0.09, ಸೋತರೆ 0.7ರ ವರ್ಗ 0.49. ಪ್ರತಿಸಲವೂ ಏನೂ ಅರಿಯದವನಂತೆ 0.5 ಎಂದು ಬರೆಯುವವನ ಅಂಕ ಯಾವಾಗಲೂ 0.25. ಎರಡು ಜೋಡಿಗಳನ್ನು ಹೋಲಿಸುವ ಹಲವು ಓಟಗಳ ಬಳಿಕ ನಿಮ್ಮ ಸರಾಸರಿ ಅಂಕ ಇದಕ್ಕಿಂತ ಕಡಿಮೆಯಾಗಿದ್ದರೆ ನಿಮ್ಮ ಊಹೆಯಲ್ಲಿ ತಿರುಳಿದೆ. ಹೆಚ್ಚಾಗಿದ್ದರೆ ನಿಮಗಿಂತ ಆ ಅರಿಯದವನೇ ಮೇಲು!

ಎತ್ತಿನ ಗಾಡಿ ಓಟಗಳಿಗೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆ ಬಂದಿತ್ತು; ಕರ್ನಾಟಕ ಸರಕಾರ 2017ರಲ್ಲಿ ತಂದ ತಿದ್ದುಪಡಿಯನ್ನು ಅದೇ ನ್ಯಾಯಾಲಯ 2023ರ ಮೇ ತಿಂಗಳಿನಲ್ಲಿ ಎತ್ತಿಹಿಡಿಯಿತು. ಪ್ರಾಣಿಗಳಿಗೆ ಹಿಂಸೆಯಾಗದಂತೆ ನಡೆಯುವ ಓಟವನ್ನು ನೋಡಲು ನೀವು ಹೋಗುವುದಾದರೆ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಒಯ್ಯಿರಿ. ಮಳೆಯಾಗಿತ್ತೆ, ಬಿಸಿಲೆಷ್ಟಿತ್ತು, ಜೋಡಿಯ ಸರದಿ ಎಷ್ಟನೆಯದು ಎಂಬುದನ್ನು ಬರೆದುಕೊಳ್ಳಿ. ಓಟಕ್ಕೆ ಮುಂಚೆ ನಿಮ್ಮ ಸಂಖ್ಯೆಯನ್ನು ಬರೆಯಿರಿ; ಓಟವಾದ ಮೇಲೆ ಅದನ್ನು ತಿದ್ದಬೇಡಿ. ಇದೇ ಅಭ್ಯಾಸ ನಾಳೆ ಮಳೆ ಬಂದೀತೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬೆಲೆ ಏರೀತೆ ಎಂಬ ಪ್ರಶ್ನೆಗಳಿಗೂ ಒದಗುತ್ತದೆ. ಹಣ ಹೂಡದೆ ಆಡಬಹುದಾದ ಈ ಆಟದಲ್ಲಿ ಸೋತರೂ ಒಂದು ಪಾಠ ದಕ್ಕುತ್ತದೆ. ಅದರ ಶುಲ್ಕವನ್ನು ಕಟ್ಟಲು ಯಾರ ಮನೆಯ ಮೆಣಸಿನಕಾಯಿಯೂ ಮಾರಾಟವಾಗಬೇಕಾಗಿಲ್ಲ.